ನನ್ನ ಫೋಟೊಗಳ ಹಿಂದೆ ಕತೆಯೇ ಇಲ್ಲ, ಏನು ಬರೆಯಲಿ?

ಪ್ರಶ್ನೆ: ನಾನು ಹವ್ಯಾಸಕ್ಕೆ ಫೋಟೊ ತೆಗೆಯುವವನು. ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಹೊರಡುತ್ತೇನೆ. ಹಕ್ಕಿಗಳು, ಪ್ರವಾಸದಲ್ಲಿ ಕಂಡ ಊರುಗಳು, ರಸ್ತೆಬದಿಯ ಜನ, ಮನೆಯ ಮಕ್ಕಳು, ಹೀಗೆ ಹಲವು ವರ್ಷಗಳ ಸಾವಿರಾರು ಚಿತ್ರಗಳು ಹಾರ್ಡ್‌ಡಿಸ್ಕ್‌ನಲ್ಲಿವೆ. ಅವುಗಳಲ್ಲಿ ಕೆಲವನ್ನು ಆರಿಸಿ, ಒಂದೊಂದರ ಹಿಂದಿನ ಕತೆ ಬರೆದು, ಮನೆಯವರಿಗೂ ಗೆಳೆಯರಿಗೂ ಕೊಡಬೇಕೆಂಬ ಆಸೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ಹೆಚ್ಚಿನವುಗಳ ಹಿಂದೆ ಕತೆಯೇ ಇಲ್ಲ. ಕಂಡಿತು, ಕ್ಲಿಕ್ಕಿಸಿದೆ, ಅಷ್ಟೇ. ಕೆಲವನ್ನು ಎಲ್ಲಿ ತೆಗೆದೆ ಅನ್ನುವುದೂ ಮರೆತಿದೆ. ಬಸ್ ನಿಲ್ದಾಣದಲ್ಲಿ ಒಬ್ಬರೇ ಕೂತಿದ್ದ ಅಜ್ಜಿಯ ಚಿತ್ರಕ್ಕೆ ‘ಬಾರದ ಮಕ್ಕಳ ದಾರಿ ಕಾಯುತ್ತಾ’ ಎಂದು ಬರೆದಿದ್ದೆ. ಎಲ್ಲರೂ ಮೆಚ್ಚಿದರು. ಒಬ್ಬ ಗೆಳತಿ ಮಾತ್ರ ‘ಅದು ನಿನಗೆ ಹೇಗೆ ಗೊತ್ತು?’ ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಒಳ್ಳೆ ಫೋಟೊಗೆ ಮಾತೇ ಬೇಕಿಲ್ಲ ಅನ್ನುತ್ತಾರೆ ಒಬ್ಬರು. ಎಐ ಆ್ಯಪ್‌ಗೆ ಕೊಟ್ಟರೆ ಚಂದದ ಕತೆ ಬರೆದುಕೊಡುತ್ತದೆ ಅನ್ನುತ್ತಾರೆ ಇನ್ನೊಬ್ಬರು. ಹಕ್ಕಿಯ ಚಿತ್ರ ತೋರಿಸಿದರೆ ಜಾಗ ಎಲ್ಲಿ ಎಂದು ಕೇಳುವವರೇ ಜಾಸ್ತಿ. ಮರೆತದ್ದನ್ನು ಊಹಿಸಿ ತುಂಬಬಹುದೇ? ಎಷ್ಟು ಹೇಳಬೇಕು, ಎಷ್ಟು ಬಿಡಬೇಕು?

ಉತ್ತರ: ನಿಮ್ಮ ಗೆಳತಿ ಕೇಳಿದ್ದು ಸರಿಯಾದ ಪ್ರಶ್ನೆ. ಫೋಟೊ ಎಡಿಟರ್ ಆಗಿ ನಾನು ಜಾಸ್ತಿ ಸಲ ಕೇಳಿದ್ದೂ ಅದನ್ನೇ: ಇದು ನಿಮಗೆ ಹೇಗೆ ಗೊತ್ತು? ವರ್ಷಗಟ್ಟಲೆ ಇದೇ ಕಸುಬು ಮಾಡಿದವರೂ ಆ ಪ್ರಶ್ನೆಗೆ ತಡವರಿಸುತ್ತಾರೆ. ಹಾಗಾಗಿ ನೀವು ಬೇಜಾರು ಮಾಡಿಕೊಳ್ಳಬೇಕಿಲ್ಲ. ಆದರೆ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ನಿಮ್ಮ ಉಳಿದ ಗೊಂದಲಗಳಿಗೂ ದಾರಿ ಅಲ್ಲಿಂದಲೇ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಕಂಡ ತೊಡಕು ಇದು. ಕತೆ ಅಂದರೆ ಏನಾದರೂ ದೊಡ್ಡದು ನಡೆದಿರಬೇಕು, ಇಲ್ಲವೇ ಓದಿದವರ ಕಣ್ಣು ತುಂಬಿಬರಬೇಕು ಅಂದುಕೊಂಡಿದ್ದೀರಿ. ಅಂಥದ್ದು ಸಿಗದಿದ್ದಾಗ ಕೈ ನಿಂತುಬಿಡುತ್ತದೆ. ಇಲ್ಲವೇ ಅಜ್ಜಿಯ ಚಿತ್ರದಲ್ಲಿ ಆದಂತೆ, ಇಲ್ಲದ್ದನ್ನು ತಂದು ಕೂರಿಸುತ್ತೀರಿ. ನನ್ನ ಲೆಕ್ಕದಲ್ಲಿ ಫೋಟೊದ ಹಿಂದಿನ ಕತೆ ಅಂದರೆ ಚಿತ್ರದಲ್ಲಿ ಕಾಣದ, ಆದರೆ ನಿಮಗೆ ಗೊತ್ತಿರುವ ಸಂಗತಿ. ಅದು ಒಂದೇ ಸಾಲಿನದಾಗಿದ್ದರೂ ಸಾಕು.

ಒಳ್ಳೆ ಫೋಟೊಗೆ ಮಾತು ಬೇಕಿಲ್ಲ ಅನ್ನುವುದು ಅರ್ಧ ನಿಜ. ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳುವ ಮಾತು ಖಂಡಿತ ಬೇಡ. ಸೂರ್ಯ ಮುಳುಗುವ ಚಿತ್ರದ ಕೆಳಗೆ ‘ಸುಂದರ ಸೂರ್ಯಾಸ್ತ’ ಎಂದು ಬರೆದರೆ ನೋಡುವವರಿಗೆ ಹೊಸದೇನು ಸಿಕ್ಕಿತು? ಆದರೆ ಮಾತಿಲ್ಲದಿದ್ದರೆ ಕೆಲವು ಚಿತ್ರಗಳು ತಪ್ಪು ಸಂಗತಿಯನ್ನೇ ಹೇಳಿಬಿಡುತ್ತವೆ. 1838ರಲ್ಲಿ ಲೂಯಿ ಡಾಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರ ನೋಡಿ. ಎತ್ತರದಿಂದ ಕಾಣುವ ಅಗಲವಾದ ರಸ್ತೆ, ಸಾಲುಮರ, ಮನೆಗಳು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ ಅನ್ನಿಸುತ್ತದೆ. ಕೆಳಗೆ ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ ಕಾಲು ಎತ್ತಿಟ್ಟು ನಿಂತಿದ್ದಾನೆ. ಊರೇ ಖಾಲಿಯಾಗಿದೆ, ಇವನೊಬ್ಬ ಉಳಿದಿದ್ದಾನೆ ಎಂದು ಯಾರಾದರೂ ಭಾವುಕರಾಗಿ ಬರೆಯಬಹುದು. ಅಸಲಿಗೆ ಅದು ಗಿಜಿಗುಡುತ್ತಿದ್ದ ಬೀದಿ. ಆಗ ಕ್ಯಾಮೆರಾದೊಳಗೆ ಇಡುತ್ತಿದ್ದ ಲೋಹದ ತಟ್ಟೆಯ ಮೇಲೆ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಓಡಾಡುತ್ತಿದ್ದ ಗಾಡಿಗಳು, ಜನ ಯಾರೂ ಅದರಲ್ಲಿ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದವನು ಮೂಡಿದ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಅವನನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಎರಡು ಸಾಲು ಗೊತ್ತಾದ ಮೇಲೆ ಅದೇ ಚಿತ್ರ ಬೇರೆಯಾಗಿ ಕಾಣುತ್ತದೆ, ಅಲ್ವಾ? ಮಾತಿನ ಕೆಲಸ ಅಷ್ಟೇ. ಗಮನಿಸಿ, ಅಲ್ಲಿ ನಡೆದಿದ್ದಾದರೂ ಏನು? ಒಬ್ಬ ಬೂಟು ಪಾಲಿಶ್ ಮಾಡಿಸಿಕೊಂಡ. ದಿನನಿತ್ಯದ ಬದುಕಿನ ಕತೆಗಳು ಇಷ್ಟು ಸಣ್ಣವೇ ಇರುತ್ತವೆ.

ಈಗ ‘ಕಂಡಿತು, ಕ್ಲಿಕ್ಕಿಸಿದೆ’ ಅನ್ನುವ ನಿಮ್ಮ ಮಾತಿಗೆ ಬರೋಣ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಕಾರ್ಯಾಗಾರಕ್ಕೆ ಒಬ್ಬ ಹವ್ಯಾಸಿ ಸಣ್ಣ ಮಿಂಚುಳ್ಳಿಯ ಚಿತ್ರ ತಂದಿದ್ದರು. ನೀರಿನ ಮೇಲೆ ಬಾಗಿದ ಕೊಂಬೆ, ಕೊಕ್ಕಿನಲ್ಲಿ ಮೀನು ಹಿಡಿದು ಕೂತ ಹಕ್ಕಿ. ಇದಕ್ಕೇನೂ ಕತೆಯಿಲ್ಲ ಅಂದರು. ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡಿದೆವು. ಮೀನಿನ ತಲೆ ಹೊರಗಡೆಗೆ, ಬಾಲ ಹಕ್ಕಿಯ ಬಾಯಿಯ ಕಡೆಗೆ ಇತ್ತು. ಮಿಂಚುಳ್ಳಿ ತಾನೇ ನುಂಗುವುದಾದರೆ ಮೀನಿನ ತಲೆಯನ್ನು ಗಂಟಲ ಕಡೆಗೆ ತಿರುಗಿಸಿಕೊಳ್ಳುತ್ತದೆ. ಬಾಲದ ಕಡೆಯಿಂದ ನುಂಗಿದರೆ ಈಜುರೆಕ್ಕೆ, ಹುರುಪೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬೇರೆಯವರಿಗೆ ತಿನ್ನಿಸುವುದಾದರೆ ತಲೆ ಹೊರಗಿರುವಂತೆ ಹಿಡಿಯುತ್ತದೆ, ಪಡೆಯುವವರು ಸಲೀಸಾಗಿ ನುಂಗಲಿ ಎಂದು. ಅಂದರೆ ಆ ಮೀನು ಅದರ ಊಟವಲ್ಲ. ಕೊಕ್ಕು ಪೂರ್ತಿ ಕಪ್ಪಾಗಿತ್ತು, ಆದ್ದರಿಂದ ಗಂಡು. ಹೆಣ್ಣಾಗಿದ್ದರೆ ಕೆಳಗಿನ ಕೊಕ್ಕು ಕೆಂಪು ಕಿತ್ತಳೆ ಬಣ್ಣದಲ್ಲಿರುತ್ತದೆ. ಆಮೇಲೆ ಅವರು ಅದೇ ಹೊತ್ತಿನ ಮುಂದಿನ ಫ್ರೇಮ್‌ಗಳನ್ನು ತೆರೆದರು. ಫೋಕಸ್ ತಪ್ಪಿದೆ ಎಂದು ಬದಿಗಿಟ್ಟಿದ್ದ ಒಂದರಲ್ಲಿ, ಕೊಂಬೆಯ ತುದಿಯಲ್ಲಿ ಇನ್ನೊಂದು ಮಿಂಚುಳ್ಳಿ ಇತ್ತು. ಅದರ ಕೆಳಗಿನ ಕೊಕ್ಕು ಕೆಂಪು. ಗಂಡು ತನ್ನ ಜೋಡಿಗೆ ಮೀನು ತಂದಿತ್ತು. ತೆಗೆದವರಿಗೇ ಗೊತ್ತಿಲ್ಲದ ಕತೆ ಅವರ ಕಾರ್ಡ್‌ನಲ್ಲೇ ಕೂತಿತ್ತು.

ಹಾಗಾಗಿ ನನ್ನ ಮೊದಲ ಸಲಹೆ: ಬರೆಯುವ ಮುಂಚೆ ಚಿತ್ರವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ನೆರಳು ಯಾವ ಕಡೆ ಬಿದ್ದಿದೆ, ಯಾರ ಚಪ್ಪಲಿಗೆ ಕೆಸರು ಮೆತ್ತಿದೆ, ಹಿಂದಿನ ಗೋಡೆಯಲ್ಲಿ ಏನು ತೂಗುಹಾಕಿದೆ, ಪಕ್ಕದಲ್ಲಿ ಅರ್ಧ ಕತ್ತರಿಸಿದಂತೆ ಬಂದಿರುವ ಕೈ ಯಾರದು. ಹಿಂದಿನ ಮುಂದಿನ ಫ್ರೇಮ್‌ಗಳನ್ನು ಅಳಿಸಬೇಡಿ. ಚೆನ್ನಾಗಿ ಬಂದದ್ದೊಂದನ್ನೇ ಉಳಿಸಿಕೊಂಡು ಉಳಿದದ್ದನ್ನು ಡಿಲೀಟ್ ಮಾಡುವ ಅಭ್ಯಾಸ ನನಗೆ ತುಂಬ ನೋವು ಕೊಡುತ್ತದೆ. ಸೋತ ಫ್ರೇಮ್‌ಗಳೇ ಗೆದ್ದ ಫ್ರೇಮ್‌ಗೆ ಸಾಕ್ಷಿ.

ಮರೆತದ್ದನ್ನು ಊಹಿಸಿ ತುಂಬಬಹುದೇ ಎಂದು ಕೇಳಿದ್ದೀರಿ. ಇದು ನಿಮ್ಮ ಪತ್ರದ ಗಟ್ಟಿ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಫೋಟೊ ಇದೆ ಅಂದಮೇಲೆ ನೆನಪೂ ಭದ್ರವಾಗಿದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ಹಾಗಿಲ್ಲ. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರನ್ನು ಮ್ಯೂಸಿಯಂ ಸುತ್ತಿಸಿದರು. ಕೆಲವು ವಸ್ತುಗಳನ್ನು ಸುಮ್ನೆ ನೋಡಬೇಕು, ಕೆಲವುಗಳ ಫೋಟೊ ತೆಗೆಯಬೇಕು. ಮರುದಿನ ಕೇಳಿದರೆ, ಫೋಟೊ ತೆಗೆದ ವಸ್ತುಗಳ ವಿವರ ಕಡಿಮೆ ನೆನಪಿತ್ತು. ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದಾಗ ಮಾತ್ರ ನೆನಪು ಹಾಗೆ ಕುಂದಲಿಲ್ಲ. ಕ್ಯಾಮೆರಾ ನೋಡಿಕೊಳ್ಳುತ್ತದೆ ಎಂದು ಮನಸ್ಸು ಕೆಲಸ ಬಿಟ್ಟುಕೊಡುತ್ತದೆ ಅನ್ನುವುದು ಇದಕ್ಕೆ ಅವರು ಕೊಟ್ಟ ಒಂದು ವಿವರಣೆ. ಮರೆಯುವುದಾದರೂ ಪರವಾಗಿಲ್ಲ, ಇಲ್ಲದ ನೆನಪನ್ನೂ ಫೋಟೊ ಹುಟ್ಟಿಸಬಲ್ಲದು. 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಜೊತೆಗಾರರು ಜನರ ಬಾಲ್ಯದ ಫೋಟೊವನ್ನು ಬಿಸಿಗಾಳಿ ಬಲೂನಿನ ಚಿತ್ರಕ್ಕೆ ಸೇರಿಸಿ ಅವರಿಗೇ ತೋರಿಸಿದರು. ಅವರು ಯಾರೂ ಬಲೂನು ಹತ್ತಿದವರಲ್ಲ. ಮೂರು ಸಲ ಕೂರಿಸಿ ಕೇಳುವ ಹೊತ್ತಿಗೆ ಅರ್ಧದಷ್ಟು ಜನಕ್ಕೆ ಆ ಸವಾರಿ ಪೂರ್ತಿಯೋ ಒಂದಿಷ್ಟೋ ‘ನೆನಪಾಗಿತ್ತು’. ನಾವು ಚಿತ್ರ ನೋಡುತ್ತಾ ಬರೆಯುವಾಗ ಆಗುವುದೂ ಇದೇ. ಊಹಿಸಿ ಬರೆದ ಸಾಲನ್ನು ಸ್ವಲ್ಪ ದಿನ ಕಳೆದು ಓದಿದರೆ ನಮಗೇ ಅದು ನಿಜವಾಗಿಬಿಟ್ಟಿರುತ್ತದೆ. ಬೇರೆಯವರಿಗೆ ಸುಳ್ಳು ಹೇಳುವ ಮುಂಚೆಯೇ ನಮ್ಮ ಸ್ವಂತ ನೆನಪು ಕೆಡುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ಆ್ಯನ್ಸೆಲ್ ಆ್ಯಡಮ್ಸ್ ಚಿತ್ರ ಜಗತ್ಪ್ರಸಿದ್ಧ. ಅವಸರದಲ್ಲಿ ಬೆಳಕು ಅಳೆಯುವ ಲೈಟ್ ಮೀಟರ್ ಸಿಗದೆ, ಚಂದ್ರನ ಹೊಳಪಿನ ಅಳತೆ ನೆನಪಿಸಿಕೊಂಡು ಲೆಕ್ಕ ಹಾಕಿ ಒಂದು ಎಕ್ಸ್‌ಪೋಷರ್ ತೆಗೆದರು. ಇನ್ನೊಂದು ತೆಗೆಯುವಷ್ಟರಲ್ಲಿ ಹಳ್ಳಿಯ ಸ್ಮಶಾನದ ಶಿಲುಬೆಗಳ ಮೇಲಿದ್ದ ಬಿಸಿಲು ಹೋಗಿತ್ತು. ಈ ಎಲ್ಲ ವಿವರ ಅವರು ಹೇಳಿದ್ದಾರೆ. ತಾರೀಖು ಮಾತ್ರ ಬರೆದಿಡಲಿಲ್ಲ. ಮುಂದೆ ಆ ಚಿತ್ರಕ್ಕೆ 1940ರಿಂದ 1944ರವರೆಗೆ ಬೇರೆ ಬೇರೆ ಇಸವಿಗಳು ಅಂಟಿಕೊಂಡವು. ಖಗೋಳ ಬಲ್ಲವರು ಚಂದ್ರ ನಿಂತ ಜಾಗ ನೋಡಿ, ಮೊದಲು 1941ರ ಅಕ್ಟೋಬರ್ 31 ಅಂದರು. ಆಮೇಲೆ ಇನ್ನೊಬ್ಬರು ಲೆಕ್ಕ ತಿದ್ದಿ 1941ರ ನವೆಂಬರ್ 1 ಎಂದು ತೀರ್ಮಾನಿಸಿದರು. ನಮ್ಮ ಚಿತ್ರಗಳಿಗೆ ಅಷ್ಟು ತಲೆ ಕೆಡಿಸಿಕೊಳ್ಳುವವರು ಯಾರೂ ಸಿಗುವುದಿಲ್ಲ. ತಾರೀಖನ್ನು ನಾವೇ ಬರೆದಿಡಬೇಕು.

ಇಸವಿ ತಪ್ಪಿದರೆ ಯಾರಿಗೂ ನೋವಾಗುವುದಿಲ್ಲ. ಮನುಷ್ಯರ ವಿಷಯ ಹಾಗಲ್ಲ. 1936ರ ಮಾರ್ಚ್‌ನಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೀಳಲು ಬಂದ ಕೂಲಿಗಳ ಬಿಡಾರದಲ್ಲಿ ಮಕ್ಕಳೊಂದಿಗಿದ್ದ ತಾಯಿಯೊಬ್ಬಳ ಕೆಲವು ಚಿತ್ರ ತೆಗೆದರು. ಅದರಲ್ಲೊಂದು ಆ ಕಾಲದ ಬಡತನದ ಗುರುತೇ ಆಯಿತು. ಹೆಸರು ಕೇಳಲಿಲ್ಲ ಎಂದು ಲ್ಯಾಂಗ್ ಅವರೇ 1960ರಲ್ಲಿ ಬರೆದರು. ಹೊಟ್ಟೆಪಾಡಿಗೆ ಕಾರಿನ ಟೈರು ಮಾರಿದ್ದರು ಎಂದೂ ಬರೆದರು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಟೈರು ಮಾರಿದ ಕತೆ ತಮ್ಮದಲ್ಲ, ಅದೇ ಕಾರಿನಲ್ಲಿ ತಾವು ಅಲ್ಲಿಂದ ಹೊರಟಿದ್ದು ಎಂದು ಆ ಮನೆಯವರು ಹೇಳಿದರು. ಬೇರೆ ಯಾರದೋ ಕತೆ ಇವರಿಗೆ ಅಂಟಿಕೊಂಡಿರಬೇಕು ಅನ್ನುವುದು ಅವರ ಅನಿಸಿಕೆ. ಲ್ಯಾಂಗ್ ಮೋಸ ಮಾಡುವವರಲ್ಲ, ಆ ಜನರ ಬಗ್ಗೆ ನಿಜವಾದ ಕಾಳಜಿ ಇದ್ದವರು. ಆದರೂ ಹೀಗಾಯಿತು. ಕನಿಕರ ಇದ್ದರೆ ಬರೆದದ್ದು ನಿಜವಾಗುತ್ತದೆ ಅನ್ನುವಂತಿಲ್ಲ.

ನಿಮ್ಮ ಬಸ್ ನಿಲ್ದಾಣದ ಅಜ್ಜಿಗೂ ಮನೆ, ಮಕ್ಕಳು, ಪರಿಚಯದವರು ಇರುತ್ತಾರೆ. ಮಕ್ಕಳು ಕೈಬಿಟ್ಟಿದ್ದಾರೆ ಅನ್ನುವ ಸಾಲು ಅವರಲ್ಲಿ ಒಬ್ಬರ ಕಣ್ಣಿಗೆ ಬಿದ್ದರೂ ಸಾಕು, ಆ ಮನೆಯವರು ತಲೆ ತಗ್ಗಿಸಬೇಕಾಗುತ್ತದೆ. ಗುರುತು ಸಿಗುವ ಮುಖದ ಬಗ್ಗೆ ಇಲ್ಲದ್ದನ್ನು ಬರೆದರೆ ಕಾನೂನಿನ ತೊಂದರೆಯೂ ಬರಬಹುದು. ದಯವಿಟ್ಟು ಆ ಸಾಲು ತೆಗೆಯಿರಿ. ‘ಮಧ್ಯಾಹ್ನ ಮೂರು ಗಂಟೆ. ಮಳೆ ಬಂದು ನಿಂತಿತ್ತು. ನಾನು ಅಲ್ಲಿದ್ದಷ್ಟು ಹೊತ್ತೂ ಅವರು ಕೈಚೀಲವನ್ನು ಮಡಿಲಿಂದ ಕೆಳಗಿಡಲಿಲ್ಲ’ ಎಂಬಂತೆ, ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ. ಇದು ಉದಾಹರಣೆಯಷ್ಟೇ, ನೀವು ಕಂಡದ್ದೇನು ಎಂದು ನಿಮಗೇ ಗೊತ್ತು. ಓದುವವರು ತಾವೇ ಯೋಚಿಸುತ್ತಾರೆ. ಮುಂದೆ ಅಪರಿಚಿತರ ಚಿತ್ರ ತೆಗೆದಾಗ ಎರಡು ಮಾತಾಡಿ ಬನ್ನಿ. ಮೊದಲೇ ಕೇಳಿದರೆ ಸಹಜತೆ ಹೋಗುತ್ತದೆ ಅನ್ನಿಸಿದರೆ ಆಮೇಲೆ ತೋರಿಸಿ ಕೇಳಿ. ಬೇಡ ಅಂದರೆ ಅವರೆದುರೇ ಅಳಿಸಿ. ಬೇರೆಯವರ ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಹಂಚಲೇಬೇಡಿ. ಎಲ್ಲಿ, ಯಾರ ಚಿತ್ರ ತೆಗೆಯಬಹುದು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಪ್ರವಾಸ ಹೋಗುವ ಮುಂಚೆ ತಿಳಿದುಕೊಳ್ಳಿ.

ಹಾಗಾದರೆ ಕಲ್ಪನೆಗೆ ಜಾಗವೇ ಇಲ್ಲವೇ? ಇದೆ. ಒಂದು ಬಾಗಿಲು, ಖಾಲಿ ಕುರ್ಚಿ, ಮಂಜಿನ ದಾರಿ ನೋಡಿ ಕವಿತೆ ಬರೆಯಿರಿ, ಕತೆ ಕಟ್ಟಿರಿ. ಇದು ಕಲ್ಪನೆ ಎಂದು ಮೊದಲೇ ಹೇಳಿ ಅಷ್ಟೇ. ನಿಜವಾದ ಮನುಷ್ಯರ ಮುಖಕ್ಕೆ ಮಾತ್ರ ಅದನ್ನು ಅಂಟಿಸಬೇಡಿ. ನೀವೇ ಹೇಳಿ ನಿಲ್ಲಿಸಿ ತೆಗೆದ ಚಿತ್ರವಾಗಿದ್ದರೆ ಅದನ್ನೂ ಹೇಳಿ. ರಾಬರ್ಟ್ ಡುವಾನೋ 1950ರಲ್ಲಿ ತೆಗೆದ ಪ್ಯಾರಿಸ್ ಬೀದಿಯ ಮುತ್ತಿನ ಚಿತ್ರವನ್ನು ಜನ ಆಕಸ್ಮಿಕವಾಗಿ ಸಿಕ್ಕ ಕ್ಷಣ ಎಂದೇ ನಂಬಿದ್ದರು. 1990ರ ದಶಕದಲ್ಲಿ, ಆ ಜೋಡಿ ನಾವೇ ಎಂದು ಕೆಲವರು ಕೋರ್ಟಿಗೆ ಹೋದ ಮೇಲೆ, ಅದು ಇಬ್ಬರು ನಟರನ್ನು ನಿಲ್ಲಿಸಿ ತೆಗೆದದ್ದು ಎಂದು ಡುವಾನೋ ಹೇಳಬೇಕಾಯಿತು. ನನಗೆ ಇವತ್ತಿಗೂ ಆ ಚಿತ್ರ ಇಷ್ಟ. ಆದರೆ ಮೊದಲೇ ಹೇಳಿದ್ದರೆ ಯಾರಿಗೂ ಬೇಸರವಾಗುತ್ತಿರಲಿಲ್ಲ.

ಎಐ ಆ್ಯಪ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದಕ್ಕೆ ಕಾಣುವುದು ಚಿತ್ರದ ಒಳಗಿರುವುದು ಮಾತ್ರ. ನಿಮಗೆ ಬೇಕಿರುವುದು ಚಿತ್ರದ ಹೊರಗಿನದು. ನೀವು ಏನೂ ಹೇಳದೆ ಫೋಟೊ ಮಾತ್ರ ಕೊಟ್ಟರೆ, ಅಂಥ ಸಾವಿರ ಚಿತ್ರಗಳಿಗೆ ಹೊಂದುವ ಕತೆ ಕೊಡುತ್ತದೆ. ನೀವು ಬರೆದದ್ದರ ಕಾಗುಣಿತ ತಿದ್ದಲು, ಸಾವಿರಾರು ಫೈಲುಗಳಲ್ಲಿ ಹಕ್ಕಿಯ ಚಿತ್ರಗಳನ್ನೆಲ್ಲ ಹುಡುಕಲು ಬೇಕಾದರೆ ಬಳಸಿ. ಹಕ್ಕಿಯ ಹೆಸರನ್ನು ಅದು ಹೇಳಿದರೂ ಬಲ್ಲವರಲ್ಲಿ ಒಮ್ಮೆ ಕೇಳಿ.

ಹಕ್ಕಿಗಳ ಜಾಗದ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ಗೂಡು, ಮರಿ, ಅಪರೂಪದ ಪ್ರಾಣಿ ಇರುವ ಚಿತ್ರಕ್ಕೆ ಜಾಗ ಹೇಳಬೇಡಿ. ಮಿಂಚುಳ್ಳಿ ಮಣ್ಣಿನ ದಂಡೆಯಲ್ಲಿ ಬಿಲ ಕೊರೆದು ಗೂಡು ಮಾಡುತ್ತದೆ. ಬಿಲದೆದುರು ಜನ ನಿಂತರೆ ಮೀನು ತಂದ ಹಕ್ಕಿ ಒಳಗೆ ಹೋಗಲು ಹಿಂಜರಿಯುತ್ತದೆ. ಒಬ್ಬರು ಹತ್ತು ನಿಮಿಷ ನಿಂತರೆ ಸುಧಾರಿಸಿಕೊಂಡೀತು. ನಿಮ್ಮ ಚಿತ್ರ ನೋಡಿ ಇಪ್ಪತ್ತು ಜನ ಬಂದರೆ ಮರಿಗಳು ಹಸಿದಿರುತ್ತವೆ. ಕೇಳಿದವರಿಗೆ ‘ಒಂದು ಹೊಳೆದಂಡೆ’ ಅನ್ನಿ, ಸಾಕು. ಕೆಲವರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ನೀವು ಬಾಯಿ ಮುಚ್ಚಿಕೊಂಡರೂ ಫೈಲ್ ಹೇಳಿಬಿಡಬಹುದು ಅನ್ನುವುದು ನೆನಪಿರಲಿ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಜಿಪಿಎಸ್ ಅಂಕಿಗಳು ಫೋಟೊದೊಳಗೇ ಕೂರುತ್ತವೆ. ಹಂಚುವ ಪ್ರತಿಯಲ್ಲಿ ಅದನ್ನು ತೆಗೆದುಹಾಕಿ, ನಿಮ್ಮ ಮೂಲ ಪ್ರತಿಯಲ್ಲಿ ಇರಲಿ.

ಹೇಗೆ ತೆಗೆದಿರಿ ಅನ್ನುವುದನ್ನು ಮಾತ್ರ ಮುಚ್ಚಿಡಬೇಡಿ. ಮೃಗಾಲಯದ್ದೋ, ತಿಂಡಿ ಇಟ್ಟು ಕರೆದದ್ದೋ, ಕೂಗಿನ ರೆಕಾರ್ಡಿಂಗ್ ಹಾಕಿದ್ದೋ, ಇದ್ದದ್ದು ಇದ್ದ ಹಾಗೆ ಹೇಳಿ. ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದಿದ್ದ, ಬೇಲಿ ಗೇಟು ಹಾರುವ ತೋಳದ ಚಿತ್ರವನ್ನು 2010ರಲ್ಲಿ ಅನರ್ಹಗೊಳಿಸಿದರು. ಅದು ಪಳಗಿಸಿದ ತೋಳ ಇರಬೇಕು ಎಂದು ತೀರ್ಪುಗಾರರಿಗೆ ಅನ್ನಿಸಿತ್ತು. ತೆಗೆದವರು ಒಪ್ಪಲಿಲ್ಲ. ಆದರೆ ಚಿತ್ರದ ಅಂದದ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಇನ್ನು ಬರೆಯುವ ಬಗೆ. ಎಲ್ಲ ಚಿತ್ರಕ್ಕೂ ಉದ್ದದ ಕತೆ ಬೇಡ. ಹೆಚ್ಚಿನವಕ್ಕೆ ಎರಡು ಸಾಲು ಸಾಕು: ಯಾರು ಅಥವಾ ಏನು, ಎಲ್ಲಿ, ಯಾವಾಗ, ಜೊತೆಗೆ ಚಿತ್ರದಲ್ಲಿ ಕಾಣದ ಒಂದು ಸಂಗತಿ. ಆ ಹೊತ್ತಿನ ವಾಸನೆ, ಸದ್ದು, ಗಾಳಿ, ಕ್ಲಿಕ್ಕಿಸಿದ ಮರುಕ್ಷಣ ಆದದ್ದು, ಏನಾದರೂ ಸರಿ. ಪ್ರವಾಸದ ಚಿತ್ರಗಳಿಗೆ ಉದ್ದ ಬರೆದರೆ ಒಂದು ಅಪಾಯ ಇದೆ. ಬೆಳಗಿನ ನಾಲ್ಕಕ್ಕೆ ಎದ್ದದ್ದು, ಎಷ್ಟು ಮೆಟ್ಟಿಲು ಹತ್ತಿದ್ದು, ಯಾವ ಲೆನ್ಸ್ ಹಾಕಿದ್ದು, ಇದೇ ತುಂಬಿಕೊಂಡು ಜಾಗವೂ ಜನರೂ ಕಾಣೆಯಾಗುತ್ತಾರೆ. ನಿಮ್ಮ ಕಷ್ಟವನ್ನು ಒಂದು ಸಾಲಿಗೆ ಇಳಿಸಿ. ಏನೂ ಗೊತ್ತಿಲ್ಲದ ಚಿತ್ರಕ್ಕೆ ತಾರೀಖು ಮಾತ್ರ ಹಾಕಿ ಬಿಡಿ. ತಾರೀಖೂ ಗೊತ್ತಿಲ್ಲದಿದ್ದರೆ ‘ಬಹುಶಃ’ ಅನ್ನುವ ಪದ ಸೇರಿಸಿ, ಯಾಕೆ ಹಾಗೆ ಅಂದುಕೊಂಡಿರಿ ಅನ್ನುವುದನ್ನೂ ಬರೆಯಿರಿ.

ಫೈಲಿನೊಳಗಿನ ತಾರೀಖನ್ನೂ ಕಣ್ಣುಮುಚ್ಚಿ ನಂಬಬೇಡಿ. ಕ್ಯಾಮೆರಾದ ಬ್ಯಾಟರಿ ಪೂರ್ತಿ ಇಳಿದರೆ ಗಡಿಯಾರ ಹಳೇ ದಿನಕ್ಕೆ ಹೋಗಿಬಿಡಬಹುದು. ಬೇರೆ ದೇಶಕ್ಕೆ ಹೋದಾಗ ಸಮಯ ಬದಲಿಸಲು ಮರೆತಿರುತ್ತೇವೆ. ಪ್ರವಾಸದ ಮೊದಲ ದಿನ ಕ್ಯಾಮೆರಾದಲ್ಲಿ ಮೊಬೈಲಿನ ಗಡಿಯಾರದ ಒಂದು ಫೋಟೊ ತೆಗೆದುಕೊಳ್ಳಿ. ಮುಂದೆ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಸಿಗುತ್ತದೆ.

ಮನೆಯ ಚಿತ್ರಗಳಿಗೆ ಇರುವ ದಾರಿ ಬೇರೆ, ಮತ್ತು ನನಗೆ ಅತಿ ಪ್ರಿಯವಾದದ್ದು ಅದೇ. ನೀವು ಬರೆಯಬೇಡಿ, ಅವರಿಂದ ಹೇಳಿಸಿ. ಹಿರಿಯರ ಮುಂದೆ ಚಿತ್ರ ಇಟ್ಟು, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಸುಮ್ನೆ ಕೂತುಬಿಡಿ. ‘ಇದು ಯಾವಾಗ?’ ಅಂದರೆ ಎರಡು ಮಾತಲ್ಲಿ ಮುಗಿಸುತ್ತಾರೆ. ‘ಈ ಫೋಟೊ ತೆಗೆದದ್ದು ಯಾರು? ಆಗ ಯಾರು ಅಲ್ಲಿರಲಿಲ್ಲ?’ ಎಂದು ಕೇಳಿ ನೋಡಿ. ಬಾರದೆ ಉಳಿದವರ ಸುದ್ದಿ, ಅವರು ಯಾಕೆ ಬರಲಿಲ್ಲ ಅನ್ನುವುದು, ಯಾರ ಸೀರೆ ಯಾರು ಉಟ್ಟಿದ್ದರು ಅನ್ನುವುದು, ಎಲ್ಲ ಹೊರಗೆ ಬರುತ್ತದೆ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಹೆಸರಿನೊಂದಿಗೆ ಬರೆದಿಡಿ, ನ್ಯಾಯ ತೀರ್ಮಾನ ಮಾಡಲು ಹೋಗಬೇಡಿ. ಕೆಲವು ಸಂಗತಿ ಹೊರಗಿನವರಿಗೆ ಹೇಳುವಂಥದ್ದಲ್ಲ ಅನ್ನಿಸಿದರೆ ಅದನ್ನು ಮನೆಯವರ ಪ್ರತಿಯಲ್ಲಿ ಮಾತ್ರ ಇಡಿ. ಈ ಕೆಲಸ ಮಾತ್ರ ಮುಂದೂಡಬೇಡಿ.

ಸಾವಿರಾರು ಚಿತ್ರಗಳನ್ನು ಒಟ್ಟಿಗೆ ಹಿಡಿದರೆ ವಾರದಲ್ಲೇ ಸುಸ್ತಾಗುತ್ತೀರಿ. ಇವತ್ತು ತೆಗೆದದ್ದರಿಂದ ಶುರು ಮಾಡಿ. ರಾತ್ರಿ ಮಲಗುವ ಮುಂಚೆ ಒಂದೇ ಒಂದು ಚಿತ್ರಕ್ಕೆ ಎರಡು ಸಾಲು. ಹಳೆಯದನ್ನು ರಜೆ ದಿನ, ಹಿರಿಯರ ನೆನಪು ಬೇಕಾದ ಚಿತ್ರಗಳಿಂದ ಹಿಡಿದು ನೋಡಿ. ಬರೆದದ್ದನ್ನು ಎಲ್ಲೋ ಬೇರೆ ನೋಟ್‌ಬುಕ್ಕಿನಲ್ಲಿ ಬಿಡಬೇಡಿ. ಫೋಟೊ ಸಾಫ್ಟ್‌ವೇರ್‌ಗಳಲ್ಲಿ ಕ್ಯಾಪ್ಶನ್ ಅಥವಾ ಡಿಸ್ಕ್ರಿಪ್ಶನ್ ಎಂಬ ಜಾಗ ಇರುತ್ತದೆ. ಐಪಿಟಿಸಿ ಮಾದರಿಯ (ಫೋಟೊ ಮಾಹಿತಿ ಬರೆದಿಡಲು ಎಲ್ಲೆಡೆ ಬಳಸುವ ಮಾದರಿ) ಆ ಜಾಗದಲ್ಲಿ ಬರೆದು ಫೈಲಿನೊಳಗೇ ಸೇವ್ ಮಾಡಿದರೆ, ಫೋಟೊ ಜೊತೆ ಮಾತೂ ಹೋಗುತ್ತದೆ. ಮೆಸೇಜಿಂಗ್ ಆ್ಯಪ್‌ಗಳಲ್ಲಿ ಹಲವು ಈ ಮಾಹಿತಿಯನ್ನು ಅಳಿಸಿ ಕಳಿಸುತ್ತವೆ. ಮನೆಯವರಿಗೆ ಮೂಲ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಕೊಡಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಹಳೆಯ ಪ್ರಿಂಟ್‌ಗಳಿದ್ದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಗೆರೆ ಮುಂಬದಿಯ ಮುಖದ ಮೇಲೆ ಉಬ್ಬುತ್ತದೆ. ಪ್ಲಾಸ್ಟಿಕ್ ಲೇಪನದ ಕಾಗದದ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಅಂಥವನ್ನು ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಮೊದಲೇ ಬರೆದುಕೊಂಡು.